ಚಿನಾಮಿಯ ಏಳುನೂರ ಹನ್ನೊಂದು

ಸೋಮವಾರ ಬೆಳಿಗ್ಗೆ ಕೋಚಿಂಗ್ ಶಾಲೆಯ ಮೂರನೇ ಮಹಡಿಯ ಹಾಲಿನಲ್ಲಿ ಇನ್ನೂರು ಜನ ತಲೆ ತಗ್ಗಿಸಿ ಕೂತಿದ್ದರು. ಶನಿವಾರ ಭಾನುವಾರ ದೇಶಕ್ಕೆಲ್ಲ ಒಂದೇ ಆಗಿ ನಡೆದ ಕೇಂದ್ರ ಪರೀಕ್ಷೆಯ ಸರಿಯುತ್ತರಗಳು ಅವತ್ತಿನ ಪತ್ರಿಕೆಯಲ್ಲಿ ಪುಟಗಟ್ಟಲೆ ಅಚ್ಚಾಗಿದ್ದವು. ಒಂದು ಪಕ್ಕದಲ್ಲಿ ಪತ್ರಿಕೆ, ಇನ್ನೊಂದು ಪಕ್ಕದಲ್ಲಿ ಪ್ರಶ್ನೆಪುಸ್ತಕ, ಕೈಯಲ್ಲಿ ಕೆಂಪು ಪೆನ್ಸಿಲ್. ಪರೀಕ್ಷೆ ಬರೆಯುವಾಗ ಉತ್ತರದ ಹಾಳೆಯಲ್ಲಿ ಗುರುತು ಮಾಡಿದ್ದನ್ನೇ ಪ್ರಶ್ನೆಪುಸ್ತಕದಲ್ಲೂ ಬರೆದಿಟ್ಟುಕೊಂಡಿರಬೇಕು; ಆ ಗುರುತು ನೋಡಿ ತನ್ನ ಅಂಕವನ್ನು ತಾನೇ ಎಣಿಸಿಕೊಳ್ಳಬೇಕು. ನಿಜವಾದ ಅಂಕದ ಕಾಗದ ಮನೆಗೆ ಬರುವುದು ಏಪ್ರಿಲ್‌ನಲ್ಲಿ. ಕಾಲೇಜಿಗೆ ಅರ್ಜಿ ಹಾಕಲು ಕೊನೆಯ ದಿನ ಫೆಬ್ರವರಿಯ ಮೊದಲ ವಾರ. ಅಲ್ಲಿಯತನಕ ನೀವು ಎಷ್ಟು ಅಂದಿರೋ ನಿಮ್ಮ ಅಂಕ ಅಷ್ಟೇ.

ಫುಕುಮಾ ಚಿನಾಮಿ ಎರಡು ಸಲ ಕೂಡಿದಳು. ಮೂರನೇ ಸಲ ಕೂಡುವಾಗ ಪೆನ್ಸಿಲ್ ಮೊನೆ ಮುರಿಯಿತು. ಒಂಬೈನೂರಕ್ಕೆ ಆರುನೂರ ಹನ್ನೊಂದು.

ಕೆಳಗಿನ ಮಹಡಿಯಲ್ಲಿ ಸಾಲಾಗಿ ನಾಲ್ಕು ಫೋನುಗಳಿದ್ದವು. ಅವಳ ಮುಂದಿದ್ದ ಹುಡುಗಿ ಅಳುತ್ತಾ ಮಾತಾಡಿ ಅಳುತ್ತಲೇ ಹೋದಳು. ಚಿನಾಮಿ ನಂಬರು ಒತ್ತಿದಳು. ಅಮ್ಮ ರಿತ್ಸುಕೊ ಫೋನಿನ ಮೇಲೇ ಕೂತಿದ್ದಳೋ ಏನೋ, ಮೊದಲ ಗಂಟೆಗೇ ಎತ್ತಿದಳು.

"ಊಟ ಮಾಡಿದ್ಯಾ?"

"ಇನ್ನೂ ಹನ್ನೊಂದ್ ಗಂಟೆ ಅಮ್ಮ."

"ಬೆಳಗ್ಗೆ ಏನ್ ತಿಂದೆ? ಆ ಹಾಸ್ಟೆಲ್ನೋರು ತಣ್ಣನೆ ಅನ್ನ ಹಾಕ್ತಾರೆ ಅಂತಿದ್ದೆ. ಕಾಲ್ಚೀಲ ಎರಡು ಹಾಕ್ಕೊಂಡಿದೀಯ ತಾನೆ? ಸರಿ ಬಿಡು, ನಾನೇನ್ ಕೇಳ್ತಿದೀನಿ. ಅಪ್ಪ ಪೇಷಂಟ್ ಬಿಟ್ಟು ಬಂದು ನಿಂತಿದಾರೆ ಕಣೆ. ಎಷ್ಟು?"

"ಏಳುನೂರ ಹನ್ನೊಂದು."

ಆರು ಎನ್ನಲು ತೆರೆದ ಬಾಯಿ ಅದು. ನಡುವೆ ಏನಾಯಿತೋ ಅವಳಿಗೇ ತಿಳಿಯಲಿಲ್ಲ. ಆ ಕಡೆ ಅಮ್ಮ ಉಸಿರು ಬಿಟ್ಟದ್ದು, "ಏಳುನೂರ ಹನ್ನೊಂದಂತೆ ರೀ!" ಎಂದು ಕೂಗಿದ್ದು, ಅಪ್ಪ "ಹೂಂ" ಅಂದದ್ದು, ಅಪ್ಪನ ಚಪ್ಪಲಿ ಸರಸರ ಸದ್ದು ಮಾಡುತ್ತ ರೋಗಿಗಳ ಕಡೆ ವಾಪಸ್ಸು ಹೋದದ್ದು ಎಲ್ಲವೂ ಕೇಳಿಸಿತು.

ಏಳುನೂರು ಎನ್ನುವುದು ಅಪ್ಪ ಎಳೆದಿದ್ದ ಗೆರೆ. ಹೊಸವರ್ಷದ ದಿನ ಇಡೀ ಮನೆ ಅಕ್ಕಿಮುದ್ದೆಯ ಸಾರು ಕುಡಿಯುತ್ತ ಕೂತಿದ್ದಾಗ ಅವರು ಬಟ್ಟಲು ಕೆಳಗಿಟ್ಟು ಹೇಳಿದ್ದರು: "ಇದು ಮೂರನೇ ವರ್ಷ. ಏಳುನೂರು ದಾಟಿದ್ರೆ ಅರ್ಜಿ ಹಾಕು. ದಾಟ್ಲಿಲ್ಲ ಅಂದ್ರೆ ಸಾಕು, ಮನೆಗೆ ಬಾ. ನಾಗಾಮಿ ಅವರನ್ನ ಕರೆಸೋಣ." ನಾಗಾಮಿ ಎಂದರೆ ನಗರದ ಆಸ್ಪತ್ರೆಯ ವೈದ್ಯ, ಮೂವತ್ತಮೂರು ವಯಸ್ಸು, ಎರಡನೇ ಮಗ. ಫುಕುಮಾ ಎಂಬ ಹೆಸರನ್ನೂ ಚಿಕಿತ್ಸಾಲಯವನ್ನೂ ಹೊತ್ತುಕೊಂಡು ಮನೆ ಅಳಿಯನಾಗಿ ಬರಲು ಒಪ್ಪಿದ್ದ. ಅಜ್ಜಿ ತೋಕಿ ಅವನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹಲ್ಲು ಚೆನ್ನಾಗಿದೆ, ಸೋಮಾರಿ ಅಲ್ಲ" ಎಂದು ತೀರ್ಪು ಕೊಟ್ಟಿದ್ದಳು. ಫೋಟೋದಲ್ಲಿದ್ದ ಮನುಷ್ಯನಲ್ಲಿ ಬೇಡ ಎನ್ನುವಂಥದ್ದು ಚಿನಾಮಿಗೂ ಏನೂ ಕಾಣಲಿಲ್ಲ. ಅದೇ ತೊಡಕಾಗಿತ್ತು. ಕಾರಣ ಹೇಳಿ ಬೇಡ ಎನ್ನಬಹುದು, ಕಾರಣವೇ ಇಲ್ಲದೆ ಹೇಗೆ ಅನ್ನುವುದು?

ಕಾಜಿಹಾಮಾ ಎಂಬ ಆ ಬಂದರೂರಿನಲ್ಲಿ ಫುಕುಮಾ ಚಿಕಿತ್ಸಾಲಯ ಇಟ್ಟವನು ಅವಳ ಮುತ್ತಜ್ಜ. ಚಿನಾಮಿ ಹುಟ್ಟಿದ ಮನೆಗೂ ರೋಗಿಗಳು ಕಾಯುವ ಕೋಣೆಗೂ ನಡುವೆ ಇದ್ದದ್ದು ಒಂದು ಜಾರುಬಾಗಿಲು. ಆರು ವರ್ಷಕ್ಕೇ ಅವಳಿಗೊಂದು ಕೆಲಸವಿತ್ತು: ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿಯುವುದು. ಬಿಡು ಮಗಾ, ರಕ್ತ ನಿಂತಿದೆ ಎಂದರೂ ನೂರು ಎಣಿಸುವ ತನಕ ಬಿಡುತ್ತಿರಲಿಲ್ಲ. ಮೀನುಗಾರರು ನಗುತ್ತ ತೋಳು ಕೊಟ್ಟು ಕೂತಿರುತ್ತಿದ್ದರು. "ಸಣ್ ಡಾಕ್ಟ್ರು ಎಣಿಸ್ತಿದಾರೆ, ಸುಮ್ನಿರ್ರೋ." ಆ ಹೆಸರು ಹಾಗೇ ನಿಂತುಬಿಟ್ಟಿತು. ಇಪ್ಪತ್ತೊಂದು ತುಂಬಿದರೂ ಊರಿಗೆ ಅವಳು ಸಣ್ ಡಾಕ್ಟ್ರೇ. ತಾನು ಬೇರೇನಾದರೂ ಆಗಬಹುದು ಎಂದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಆ ಕಾಯುವ ಕೋಣೆಯ ಸೀಮೆಎಣ್ಣೆ ಒಲೆಯ ವಾಸನೆ, ಕೆಮ್ಮು, ಹರಟೆ, ಅದರ ಆಚೆ ಅಪ್ಪನ ತಗ್ಗಿದ ದನಿ, ಇವೆಲ್ಲ ಅವಳಿಗೆ ನಿಜವಾಗಿಯೂ ಇಷ್ಟ.

ಅವಳಲ್ಲಿದ್ದ ಕೊರತೆ ಒಂದೇ, ನಿಧಾನ. ಅದು ಅಪ್ಪನಿಂದ ಬಂದದ್ದು. ಡಾಕ್ಟರ್ ಫುಕುಮಾ ಯಾಸುನೋಬು ಒಬ್ಬ ಮುದುಕಿಯ ಹೊಟ್ಟೆ ಮುಟ್ಟಿ ನೋಡಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು. ಅವರ ಬಳಿ ಬರುವವರು ಹೆಣಿಗೆ, ರೇಡಿಯೋ, ತಿಂಡಿ ಕಟ್ಟಿಕೊಂಡೇ ಬರುತ್ತಿದ್ದರು. "ಫುಕುಮಾ ಹತ್ರ ಹೋಗೋದೇ ಸಾಕು, ಸರದಿ ಬರೋಷ್ಟ್ರಲ್ಲಿ ಜ್ವರ ತಾನಾಗೇ ಇಳಿದಿರುತ್ತೆ" ಎಂದು ಊರವರು ಆಡಿಕೊಂಡರೂ ಬೇರೆ ವೈದ್ಯರ ಬಳಿ ಹೋಗುತ್ತಿರಲಿಲ್ಲ. ಅಪ್ಪನಿಗೆ ಒಗ್ಗಿದ ಆ ನಿಧಾನ ಮಗಳಿಗೆ ಪರೀಕ್ಷೆಯಲ್ಲಿ ಮುಳುವಾಯಿತು. ಅರವತ್ತು ನಿಮಿಷ ಮುಗಿದಾಗ ಅವಳ ಪುಸ್ತಕದಲ್ಲಿ ಕೊನೆಯ ಎರಡು ಪುಟ ಖಾಲಿ ಇರುತ್ತಿತ್ತು. ಮೂರು ವರ್ಷವೂ ಹಾಗೇ. ಪರೀಕ್ಷೆ ದಾಟದೆ ವರ್ಷಗಟ್ಟಲೆ ಕೋಚಿಂಗ್ ಶಾಲೆಯಲ್ಲಿ ಕೂರುವವರಿಗೆ ಅಲ್ಲಿ ರೋನಿನ್ ಎನ್ನುತ್ತಾರೆ, ಒಡೆಯನಿಲ್ಲದೆ ಅಲೆಯುತ್ತಿದ್ದ ಸಮುರಾಯಿಗಳ ಹೆಸರು. ಅಲೆಯುವುದಾದರೂ ಎಲ್ಲಿಗೆ? ಹಾಸ್ಟೆಲಿನಿಂದ ಹಾಲಿಗೆ, ಹಾಲಿನಿಂದ ಹಾಸ್ಟೆಲಿಗೆ.

ಕೋಚಿಂಗ್ ಶಾಲೆಯ ಸಲಹೆಗಾರ ಮಕಿನೋ ಅವರಿಗೆ ಸುಳ್ಳು ಹೇಳುವಂತಿರಲಿಲ್ಲ. ಎಣಿಸಿದ ಹಾಳೆ ಆಗಲೇ ಅವರ ಮೇಜಿನ ಮೇಲಿತ್ತು.

"ಆರುನೂರ ಹನ್ನೊಂದು. ನಿಮ್ಮ ಊರ ಕಡೆಯ ವಿಶ್ವವಿದ್ಯಾಲಯ ಮರೆತುಬಿಡಮ್ಮ. ವೈದ್ಯಕೀಯಕ್ಕೆ ಆರುನೂರ ಐವತ್ತಕ್ಕಿಂತ ಒಂದ್ ಕಮ್ಮಿ ಆದ್ರೂ ಅವರೇ ನಡೆಸೋ ಎರಡನೇ ಪರೀಕ್ಷೆಗೆ ಕರೆಯೋದೇ ಇಲ್ಲ, ಬಾಗಿಲಲ್ಲೇ ವಾಪಸ್ಸು."

"ಗೊತ್ತು ಸಾರ್."

"ಆದ್ರೆ ಇಲ್ನೋಡು." ಅವರು ಡ್ರಾಯರಿನಿಂದ ಒಂದು ಅರ್ಜಿ ತೆಗೆದರು. ಉತ್ತರದ ತುದಿಯ, ಯಾರೂ ಹೋಗಲೊಪ್ಪದ ಚಳಿಯ ಊರಿನ ಕಾಲೇಜು. "ಇಲ್ಲಿ ಹಾಗೆ ಬಾಗಿಲಲ್ಲಿ ತಡೆಯೋ ಅಂಕ ಇಲ್ಲ. ಎರಡನೇ ಪರೀಕ್ಷೆಗೇ ತೂಕ ಜಾಸ್ತಿ. ಪ್ರಶ್ನೆ ಕಮ್ಮಿ, ಹೊತ್ತು ಜಾಸ್ತಿ. ನಿನ್ನಂಥ ಆಮೆಗೆ ಅಂತ್ಲೇ ಮಾಡಿಟ್ಟಂಗಿದೆ. ಸಿಗುತ್ತೆ ಅನ್ನಲ್ಲ. ಹತ್ತರಲ್ಲಿ ಒಂದು ಅನ್ಕೋ. ಮನೇಲಿ ಮಾತಾಡು."

"ಮಾತಾಡ್ತೀನಿ."

ಹತ್ತರಲ್ಲಿ ಒಂದು. ಮೂರು ವರ್ಷದಲ್ಲಿ ಅವಳಿಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಆದರೆ ಅರ್ಜಿಗೆ ಅಂಟಿಸಬೇಕಾದ ಚೀಟಿ ಒಂದೇ. ಪರೀಕ್ಷಾ ಮಂಡಳಿ ಕಳಿಸುವ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಆ ತುಂಡನ್ನು ಯಾವ ಅರ್ಜಿಗೆ ಅಂಟಿಸುತ್ತೀರೋ ಅಂಕ ಆ ಕಾಲೇಜಿಗೆ ಹೋಗುತ್ತದೆ. ಅರ್ಜಿಯ ಎರಡನೇ ಸುತ್ತಿಗೆ ಬೇರೊಂದು ಚೀಟಿ ಇರುತ್ತದೆ ನಿಜ, ಆದರೆ ಆ ಹೊತ್ತಿಗೆ ವೈದ್ಯಕೀಯದಲ್ಲಿ ಉಳಿಯುವ ಸೀಟು ಬೆರಳೆಣಿಕೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ತರದ ಅರ್ಜಿಗೆ ಅಂಟಿಸಬೇಕಾದರೆ ಆರುನೂರ ಹನ್ನೊಂದು ಎಂದು ಬಾಯಿಬಿಡಬೇಕು. ಬಾಯಿಬಿಟ್ಟರೆ ಅಪ್ಪನ ಗೆರೆ.

ಹೇಳಿಯೇ ಬಿಡುತ್ತೇನೆ ಎಂದುಕೊಂಡು ಬುಧವಾರ ಫೋನು ಮಾಡಿದಳು. ಎತ್ತಿದವರು ಅಪ್ಪ.

"ಶನಿವಾರ ಬರ್ತೀಯಲ್ಲ, ಪ್ರಶ್ನೆಪುಸ್ತಕ ಎಲ್ಲ ತಗೊಂಬಾ. ಎಲ್ಲೆಲ್ಲಿ ಬಿಟ್ಟಿದೀಯ ಅಂತ ಕೂತ್ಕೊಂಡು ನೋಡೋಣ."

ಎಂದೂ ಹೀಗೆ ಕೇಳಿದವರಲ್ಲ. ದನಿಯಲ್ಲಿ ಸಂತೋಷವಿತ್ತು.

ಗುರುವಾರ ಮಧ್ಯಾಹ್ನ ಚಿನಾಮಿ ಹಾಸ್ಟೆಲಿನ ಕೋಣೆಯ ಚಿಲಕ ಹಾಕಿಕೊಂಡು, ಕಿಟಕಿಯ ಬಳಿ ಚಾಪೆಯ ಮೇಲೆ ಪುಸ್ತಕಗಳನ್ನು ಹರಡಿ, ರಬ್ಬರ್ ಹಿಡಿದು ಕೂತಳು. ನೂರು ಅಂಕ ಬೇಕು. ಎಲ್ಲವನ್ನೂ ಸರಿಮಾಡಿದರೆ ಗುಮಾನಿ ಬರುತ್ತದೆ. ತಪ್ಪನ್ನು ಆರಿಸಿ ಆರಿಸಿ ಬಿಡಬೇಕು. ಭೌತಶಾಸ್ತ್ರದಲ್ಲಿ ಆರು ಗುರುತು ಅಳಿಸಿ ಸರಿಯಾದ ಕಡೆ ಹಾಕಿದಳು. ಗಣಿತ ಅಷ್ಟು ಸುಲಭವಿರಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ಬಿಡಿಸಿದ ಲೆಕ್ಕ ಒಂದು ಹೇಳಿ ಉತ್ತರ ಇನ್ನೊಂದು ಹೇಳಬಾರದು. ಹಾಗಾಗಿ ಖಾಲಿ ಬಿಟ್ಟ ಪುಟಗಳ ಲೆಕ್ಕಗಳನ್ನು ಹೊಸದಾಗಿ ಬಿಡಿಸಬೇಕಾಯಿತು. ಕೂತಳು, ಬಿಡಿಸಿದಳು. ಬಂದವು. ಒಂದಾದ ಮೇಲೊಂದು, ಉತ್ತರ ನೋಡದೆಯೇ ಎಲ್ಲ ಬಂದವು. ಗಡಿಯಾರ ಇಲ್ಲದಿದ್ದರೆ ಇವೆಲ್ಲ ತನ್ನ ತಲೆಯಲ್ಲೇ ಇದ್ದವು ಎಂದು ಗೊತ್ತಾದಾಗ ಸಂತೋಷಪಡಬೇಕೋ ಅಳಬೇಕೋ ತಿಳಿಯದೆ, ರಬ್ಬರಿನ ಪುಡಿಯನ್ನು ಅಂಗೈಯಲ್ಲಿ ಗುಡ್ಡೆ ಮಾಡುತ್ತ ಬಹಳ ಹೊತ್ತು ಕೂತಿದ್ದಳು.

ಶನಿವಾರ ಊರಿನ ಸ್ಟೇಷನ್ನಿನಲ್ಲಿ ಇಳಿದರೆ ಹಿಮ ಬೀಳುತ್ತಿತ್ತು. ಚಿಕಿತ್ಸಾಲಯದ ಬಾಗಿಲು ತೆಗೆದದ್ದೇ ತಡ, ಮೂವತ್ತು ವರ್ಷದಿಂದ ಅಲ್ಲಿದ್ದ ನರ್ಸ್ ಸೆಟೋ ಕೈಯಲ್ಲಿದ್ದ ಥರ್ಮಾಮೀಟರ್ ಆಡಿಸುತ್ತ ಬಂದಳು.

"ಬಂದ್ರಪ್ಪ ಏಳುನೂರ ಹನ್ನೊಂದು! ದಾರಿ ಬಿಡಿ, ದಾರಿ ಬಿಡಿ!"

"ಸೆಟೋ ಅವ್ರೆ, ದಯವಿಟ್ಟು."

"ಏನ್ ದಯವಿಟ್ಟು? ಎರಡು ವರ್ಷ ನಿಮ್ಮ ಸುದ್ದಿ ಕೇಳ್ದೋರಿಗೆಲ್ಲ ಹವಾಮಾನ ಹೇಳಿ ಹೇಳಿ ನನ್ ನಾಲಿಗೆ ಸವೆದೋಗಿದೆ. ಈ ವರ್ಷ ಬಾಯ್ತುಂಬ ಹೇಳ್ತೀನಿ."

ಕೀಲುನೋವಿನ ಮುದುಕ ಓಕಿಮೋಟೊ ಕೂತಲ್ಲಿಂದಲೇ ಎರಡು ಕೈ ಜೋಡಿಸಿ ತಲೆ ಬಗ್ಗಿಸಿದ. "ಸಣ್ ಡಾಕ್ಟ್ರೇ, ಬೇಗ ಓದಿ ಬನ್ನಿ. ನಿಮ್ಮ ಕೈಲಿ ಒಂದ್ ಸೂಜಿ ಚುಚ್ಚಿಸ್ಕೊಂಡೇ ಸಾಯೋದು ಅಂತ ಕಾಯ್ತಿದೀನಿ."

"ಈ ಅಪ್ಪ ಮಗಳ ಸ್ಪೀಡ್ ನೋಡಿದ್ರೆ ನೀನು ಸಾಯೋ ಹಂಗೇ ಇಲ್ಲ ಬಿಡು" ಎಂದಳು ಸೆಟೋ. ಕೋಣೆಗೆ ಕೋಣೆಯೇ ನಕ್ಕಿತು.

ಭಾನುವಾರ ಇಡೀ ಮಧ್ಯಾಹ್ನ ಅಪ್ಪ ರಜಾಯಿ ಹೊದಿಸಿದ ಬೆಚ್ಚನೆಯ ಮೇಜಿನಡಿ ಕಾಲು ಚಾಚಿಕೊಂಡು ಪುಸ್ತಕಗಳನ್ನು ಒಂದೊಂದೇ ಪುಟ ತಿರುವಿ ನೋಡಿದರು. "ಇದು ಬಾರದ ತಪ್ಪಲ್ಲ, ಕಣ್ತಪ್ಪು" ಎನ್ನುತ್ತ ಪ್ರತಿ ತಪ್ಪಿಗೂ ಒಂದು ಕ್ಷಮೆ ಹುಡುಕಿದರು. ಗಣಿತಕ್ಕೆ ಬಂದಾಗ ಕನ್ನಡಕ ಹಣೆಗೇರಿಸಿದರು. "ಎಷ್ಟು ಅಚ್ಚುಕಟ್ಟಾಗಿ ಬಿಡಿಸಿದೀಯ. ಆ ಗಲಾಟೇಲೂ ಹೀಗೆ ಬರೆದು ಏಳುನೂರು ದಾಟಿದೀಯಲ್ಲ."

ಚಿನಾಮಿ ಮೂಲಂಗಿ ಉಪ್ಪಿನಕಾಯಿ ಅಗಿಯುತ್ತಿದ್ದಳು. ನುಂಗಲು ಆಗಲಿಲ್ಲ, ಉಗುಳುವಂತೆಯೂ ಇರಲಿಲ್ಲ.

"ನಮ್ಮ ಮನೆ ತಲೆ ಕಣೆ ಅದು, ನಿಧಾನಕ್ಕೆ ಬಿಸಿಯಾಗುತ್ತೆ" ಎಂದಳು ಅಜ್ಜಿ ತೋಕಿ, ಸೊಸೆಯ ಕಡೆ ಓರೆಗಣ್ಣು ಹಾಯಿಸಿ. "ನಿಮ್ಮಮ್ಮನ ಕಡೇದಾಗಿದ್ರೆ ಬಿಸಿಯಾಗೋದೇ ಇಲ್ಲ."

"ಹೌದತ್ತೆ" ಎಂದು ರಿತ್ಸುಕೊ ನಗುತ್ತಲೇ ಚಹಾ ಬಗ್ಗಿಸಿದಳು. ಎರಡು ವರ್ಷದಿಂದ ಇಂಥ ಮಾತಿಗೆ ಅವಳು ನಕ್ಕಿದ್ದಿಲ್ಲ. ಆಮೇಲೆ ಪಾತ್ರೆ ತೊಳೆಯುವಾಗ ಮಗಳ ಕಿವಿಯ ಹತ್ತಿರ ಬಂದು, "ನಂಗೆ ಎಷ್ಟು ಹಗುರಾಗಿದೆ ಗೊತ್ತಾ ಚಿನಾ? ನೀನು ಬಿದ್ದಾಗೆಲ್ಲ ನಾನೇ ಏನೋ ಕಮ್ಮಿ ತಿನ್ನಿಸಿ ಬೆಳೆಸಿದೆ ಅನ್ನಿಸ್ತಿತ್ತು" ಎಂದಳು. ಹೇಳಬೇಕೆಂದು ತೆರೆದ ಬಾಯನ್ನು ಚಿನಾಮಿ ಮುಚ್ಚಿಕೊಂಡಳು. ತಾಯಿಗೆ ಹಾಗೆ ಅನ್ನಿಸುತ್ತದೆ ಎಂದು ಗೊತ್ತಾದ ಮೇಲೆ ಯಾವ ಮಗಳು ತಾನೇ ಬಾಯಿ ತೆರೆದಾಳು?

ಇನ್ನೆರಡು ದಿನಕ್ಕೆ ಅಪ್ಪ ಸೂಟು ಹಾಕಿಕೊಂಡು ನಗರಕ್ಕೆ ಹೋಗಿ ಬಂದರು. "ನಾಗಾಮಿ ಅವರ ಮನೆಗೆ ಹೋಗಿದ್ದೆ. ಕ್ಷಮಿಸಿ, ನನ್ನ ಮಗಳೇ ಬರ್ತಾಳೆ ಅಂತ ತಲೆಬಾಗಿ ಹೇಳ್ಬಂದೆ. ಇಷ್ಟು ಒಳ್ಳೆ ಜನರನ್ನ ಕಾಯಿಸ್ಬಾರ್ದು." ಆ ಕಡೆಯ ಬಾಗಿಲೂ ಹೀಗೆ ಮುಚ್ಚಿತು. ಅದನ್ನು ಮುಚ್ಚಿದ್ದು ಅವಳ ನೂರು ಅಂಕ.

ಚೀಟಿಯನ್ನು ಅಮ್ಮ ಮನೆಯೊಳಗಿನ ಬುದ್ಧಪೀಠದಲ್ಲಿ, ತಾತನ ಫೋಟೋದ ಮುಂದೆ, ಅನ್ನದ ಪುಟ್ಟ ಬಟ್ಟಲಿಗೆ ಒರಗಿಸಿ ಇಟ್ಟಿದ್ದಳು. ಅರ್ಜಿ ಕಳಿಸುವ ದಿನವನ್ನು ಅಜ್ಜಿ ಪಂಚಾಂಗ ನೋಡಿ ಆರಿಸಿದ್ದಳು. ಅವತ್ತು ಬೆಳಿಗ್ಗೆ ಎಲ್ಲರೂ ಪೀಠದ ಮುಂದೆ ಮಂಡಿಯೂರಿ ಕೂತರು. ಗಂಟೆ ಬಾರಿಸಿ ಕೈಮುಗಿದಾಯಿತು. ಅಪ್ಪ ತಮ್ಮ ಊರ ಕಡೆಯ ವಿಶ್ವವಿದ್ಯಾಲಯದ ಅರ್ಜಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಗೋಂದಿನ ಡಬ್ಬಿಯ ಮುಚ್ಚಳ ತಾವೇ ತೆಗೆದುಕೊಟ್ಟರು. ಚಿನಾಮಿಯ ಚೀಲದಲ್ಲಿ, ಸ್ವೆಟರಿನ ಕೆಳಗೆ, ಉತ್ತರದ ಅರ್ಜಿ ಪೂರ್ತಿ ಭರ್ತಿಯಾಗಿ ಮಡಿಸಿಕೊಂಡಿತ್ತು. ಹತ್ತು ಹೆಜ್ಜೆ ದೂರ.

ಚೀಟಿಯ ಬೆನ್ನಿಗೆ ಗೋಂದು ಹಚ್ಚಿದಳು. ಮತ್ತೊಮ್ಮೆ ಹಚ್ಚಿದಳು.

"ಅಪ್ಪಾ."

"ಏನು?"

"ಗೋಂದು ಜಾಸ್ತಿ ಆಯ್ತೇನೋ."

"ಆಗಲಿ. ಕಿತ್ತು ಬರಬಾರ್ದು."

"ಸೊಟ್ಟ ಹಾಕ್ಬೇಡ್ವೆ" ಎಂದಳು ಅಜ್ಜಿ, "ಆಫೀಸ್ನೋರು ಮನೆಯೋರ ಗುಣ ನೋಡ್ತಾರೆ."

ಚೌಕದೊಳಗೆ ನೇರವಾಗಿ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ನಾಲ್ಕು ಮೂಲೆಯೂ ಕೂತಿತು. ಅರ್ಧ ಗಂಟೆಯಲ್ಲಿ ಅಪ್ಪ ಅದನ್ನು ರಿಜಿಸ್ಟರ್ಡ್ ಅಂಚೆಗೆ ಹಾಕಿ, ರಸೀದಿಯನ್ನು ಚೀಟಿಯಿದ್ದ ಜಾಗದಲ್ಲೇ ಬಟ್ಟಲಿಗೆ ಒರಗಿಸಿದರು.

ಫೆಬ್ರವರಿ ಹನ್ನೆರಡಕ್ಕೆ ಉತ್ತರ ಬಂತು. ಪರೀಕ್ಷೆಗೆ ಕರೆಯುವ ಪತ್ರವಾದರೆ ದಪ್ಪಗಿರುತ್ತದೆ. ಇದು ಒಂದೇ ಹಾಳೆ. ಮೊದಲ ಹಂತದ ಆಯ್ಕೆಯಲ್ಲಿ ತಾವು ಉತ್ತೀರ್ಣರಾಗಿಲ್ಲ.

ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಅವರು ಮಾಡಿದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಫೋನು ಮಾಡಿ, ರೋಗಿಗಳೆಲ್ಲ ಕೇಳುತ್ತಿರುವಾಗಲೇ, ಜೀವನದಲ್ಲಿ ದನಿ ಎತ್ತದ ಮನುಷ್ಯ ದನಿ ಎತ್ತಿದರು.

"ಏಳುನೂರ ಹನ್ನೊಂದು ರೀ! ನಿಮ್ಮ ಗೆರೆ ಆರುನೂರ ಐವತ್ತು! ನಿಮ್ಮ ಮಿಶೀನು ತಪ್ಪಿದೆ... ಏನು? ಗುರುತು ಹಾಕೋವಾಗ ಸಾಲು ತಪ್ಪಿರಬಹುದಾ? ನನ್ನ ಮಗಳು ಅವಸರದವಳಲ್ಲ. ಅವಸರ ಅನ್ನೋದು ನಮ್ಮ ವಂಶದಲ್ಲೇ ಇಲ್ಲ! ಅಂಕ ಹೇಳೋಕಾಗಲ್ಲ ಅಂದ್ರೆ ಏನರ್ಥ?"

ಮೂರು ದಿನ ಹೀಗೇ ನಡೆಯಿತು. ಜಾರುಬಾಗಿಲಿನ ಹಿಂದೆ ಚಿನಾಮಿ ಕಿವಿ ಮುಚ್ಚಿಕೊಂಡು ಕೂತಳು. ನಾಲ್ಕನೇ ದಿನ ಅಪ್ಪ ಚಿಕಿತ್ಸಾಲಯದ ಬಾಗಿಲಿಗೆ ರಜೆಯ ಫಲಕ ತೂಗುಹಾಕಿ ಸೂಟು ಧರಿಸಿದರು. ಪ್ರಶ್ನೆಪುಸ್ತಕಗಳನ್ನೆಲ್ಲ ನೀಲಿ ಬಟ್ಟೆಯಲ್ಲಿ ಗಂಟು ಕಟ್ಟಿದರು.

"ಇವನ್ನೇ ಅವರ ಮುಂದೆ ಬಿಚ್ಚಿಡ್ತೀನಿ. ಸಾಕ್ಷಿ ಇರೋವಾಗ ಏನ್ ಹೆದರಿಕೆ? ಬಾ."

ಹಿಮದಲ್ಲಿ ಎರಡು ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ಗಂಟು, ಅದರ ಪಕ್ಕದಲ್ಲಿ ಅಮ್ಮ ಕಟ್ಟಿಸಿ ಕೊಟ್ಟ ಹೂರಣದ ಮಿಠಾಯಿಯ ಡಬ್ಬಿ. ಜಗಳಕ್ಕೆ ಹೋದರೂ ಬರಿಗೈಲಿ ಹೋಗಬಾರದು. ವಿಶ್ವವಿದ್ಯಾಲಯದ ಆವರಣದಲ್ಲಿ ಕಾರು ನಿಂತಿತು. ಅಪ್ಪ ಟೈ ಸರಿಮಾಡಿಕೊಂಡು ಗಂಟಿಗೆ ಕೈಚಾಚಿದರು.

"ಅಪ್ಪಾ, ಹೋಗ್ಬೇಡಿ."

"ನೀನು ಇಲ್ಲೇ ಇರು. ಹೀಟರ್ ಆರಿಸ್ಬೇಡ."

"ಮಿಶೀನು ಸರಿಯಾಗೇ ಇದೆ. ಆರುನೂರ ಹನ್ನೊಂದೇ ಬಂದಿರೋದು."

ಕಾರಿನ ವೈಪರ್ ಎರಡು ಸಲ ಆಡಿತು.

"ಯಾರಿಗೆ?"

"ನನಗೆ."

"ಪುಸ್ತಕದಲ್ಲಿ ನಾನೇ ಕಣ್ಣಾರೆ..."

"ಆಮೇಲೆ ಅಳಿಸಿ ಬರೆದೆ. ಹಾಸ್ಟೆಲಲ್ಲಿ ಕೂತು."

ಅಪ್ಪ ಗಂಟು ಬಿಚ್ಚಿದರು. ಭೌತಶಾಸ್ತ್ರದ ಪುಸ್ತಕ ತೆಗೆದು ಒಂದು ಪುಟದ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಎಳೆದರು, ರೋಗಿಯ ಹೊಟ್ಟೆಯ ಮೇಲೆ ಎಳೆಯುವ ಹಾಗೆ. ಒಂದು ಕಡೆ ಬೆರಳು ನಿಂತಿತು.

"ಕಾಗದ ಸವೆದಿದೆ. ಮುಟ್ಟಿದ್ರೆ ಗೊತ್ತಾಗುತ್ತೆ" ಎಂದರು. "ಮೂವತ್ತು ವರ್ಷ ಬೆರಳಲ್ಲೇ ರೋಗ ಹೇಳ್ದೋನು ನಾನು. ಅವತ್ತು ಕಣ್ಣಲ್ಲಿ ಮಾತ್ರ ನೋಡ್ದೆ."

ಉತ್ತರದ ಕಾಲೇಜಿನ ವಿಷಯವನ್ನೂ ಅವಳು ಹೇಳಿದಳು, ಹತ್ತರಲ್ಲಿ ಒಂದು ಎಂಬುದನ್ನೂ.

"ಅದನ್ನಾದ್ರೂ ಹೇಳ್ಬಾರ್ದಿತ್ತಾ?"

"ಹೇಳೋಕೆ ಹೋದ್ರೆ ಎಲ್ಲಾನೂ ಹೇಳ್ಬೇಕಿತ್ತು. ನೀವು ಖುಷಿಯಾಗಿದ್ರಿ."

ಅಪ್ಪ ಭೌತಶಾಸ್ತ್ರದ ಪುಸ್ತಕ ಮುಚ್ಚಿದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಪುಸ್ತಕಗಳನ್ನು ಸೀಟಿನಲ್ಲೇ ಬಿಟ್ಟು, ಮಿಠಾಯಿಯ ಡಬ್ಬಿ ಎತ್ತಿಕೊಂಡರು. "ಬಾ. ಮೂರು ದಿನ ಅವರ ಮೇಲೆ ಕೂಗಾಡಿದೀನಿ."

ಆಫೀಸಿನ ಕೌಂಟರಿನಲ್ಲಿದ್ದ ನಡುವಯಸ್ಸಿನ ಹೆಂಗಸು ಫುಕುಮಾ ಎಂಬ ಹೆಸರು ಕೇಳಿದ್ದೇ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಫೋನಿನ ಮೇಲೆ ಕೈಯಿಟ್ಟಳು. ಅಪ್ಪ ಸೊಂಟದವರೆಗೆ ಬಾಗಿದರು. ಚಿನಾಮಿಯೂ ಬಾಗಿದಳು. ಡಬ್ಬಿ ಕೌಂಟರಿನ ಮೇಲೆ ಸರಿಯಿತು.

"ತಪ್ಪು ನಮ್ಮದೇ. ಮನೇಲಿ ಅಂಕ ಕೂಡೋವಾಗ ತಪ್ಪಾಗಿತ್ತು."

"ಅಯ್ಯೋ, ಪ್ರತಿ ವರ್ಷ ಆಗುತ್ತೆ ಸಾರ್" ಎಂದಳು ಆಕೆ, ಬೆವರು ಒರೆಸಿಕೊಳ್ಳುತ್ತ. "ಕೂಡೋದ್ರಲ್ಲಿ ತಪ್ಪೋರೇ ಜಾಸ್ತಿ."

ಕೂಡುವುದರಲ್ಲಿ ತಪ್ಪು. ಅಪ್ಪನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಎಂದು ಚಿನಾಮಿ ಬಾಗಿದಲ್ಲಿಂದಲೇ ಅಚ್ಚರಿಪಟ್ಟಳು.

ವಾಪಸ್ಸು ಬರುವಾಗ ಸಮುದ್ರ ಕಾಣಿಸಿತು. ಆಮೇಲೆ ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಅಜ್ಜಿಗೆ ಆರುನೂರ ಹನ್ನೊಂದು ಅನ್ಬೇಡ."

"ಮತ್ತೆ?"

"ಆರುನೂರ ನಲವತ್ತೊಂಬತ್ತು."

ಅವಳು ಅಪ್ಪನ ಮುಖ ನೋಡಿದಳು.

"ಕೂಡೋದ್ರಲ್ಲಿ ತಪ್ಪಾಗಿತ್ತು, ಒಂದಂಕಕ್ಕೆ ಹೋಯ್ತು. ಹಾಗಂದ್ರೆ ಯಾರೂ ಹೆಚ್ಚು ಕೆದಕಲ್ಲ. ಪಾಪ ಅಂದು ಸುಮ್ಮನಾಗ್ತಾರೆ. ಸೆಟೋ ಬಾಯಿಗೂ ಬೀಗ ಬೀಳುತ್ತೆ. ನಿಮ್ಮಮ್ಮನಿಗೂ ಅಜ್ಜಿ ಮುಂದೆ ತಲೆ ತಗ್ಗಿಸೋದು ತಪ್ಪುತ್ತೆ." ಒಂದು ತಿರುವು ದಾಟಿ ಮತ್ತೆ ಅಂದರು: "ಆಮೇಲೆ ನಿಧಾನಕ್ಕೆ ನೋಡೋಣ. ನಾಗಾಮಿ ಅವರನ್ನ ಇನ್ನೊಂದ್ ಸಲ ಕೇಳ್ಬಹುದೋ ಏನೋ. ಇಲ್ಲಾ, ನಿಂಗೆ ಬೇರೆ ಏನಾದ್ರೂ..." ಅಲ್ಲಿಗೇ ನಿಲ್ಲಿಸಿದರು.

ಆ ಮುಗಿಯದ ಮಾತನ್ನು ಚಿನಾಮಿ ಮನೆ ತಲುಪುವವರೆಗೆ ಬೆಚ್ಚಗೆ ಹಿಡಿದುಕೊಂಡಿದ್ದಳು.

ಅಜ್ಜಿ ಕೇಳಿದವಳೇ ಎರಡೂ ಕೈಯಲ್ಲಿ ಚಾಪೆ ಬಡಿದಳು. "ಒಂದಂಕ! ಒಂದೇ ಒಂದಂಕ! ಎಲ್ಲೋ ಒಂದು ಚುಕ್ಕೆ ಇಟ್ಟಿದ್ರೆ ಆಗ್ತಿತ್ತು!" ಅಮ್ಮ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡು, ನೋಡಿ, ನನ್ನ ಮಗಳು ಅಷ್ಟು ಹತ್ತಿರ ಹೋಗಿದ್ದಳು ಎನ್ನುವಂತೆ ನೆಟ್ಟಗೆ ಕೂತಳು. ಎರಡೇ ದಿನಕ್ಕೆ ಸುದ್ದಿ ಬಂದರಿನ ಕೊನೆಯ ದೋಣಿಗೂ ಮುಟ್ಟಿತು. ಆದರೆ ಯಾರೂ ಪಾಪ ಅಂದು ಸುಮ್ಮನಾಗಲಿಲ್ಲ. ಅಪ್ಪ ಲೆಕ್ಕ ತಪ್ಪಿದ್ದು ಅಲ್ಲಿ.

"ಒಂದಂಕಕ್ಕೆ ಬಿಡ್ತಾರಾ ಯಾರಾದ್ರೂ?" ಎಂದ ಓಕಿಮೋಟೊ. "ಬಲೆ ದಡಕ್ಕೆ ಬಂದ ಮೇಲೆ ಹಗ್ಗ ಬಿಟ್ಟಂಗೆ. ನಾನ್ ಕಾಯ್ತೀನಿ ಸಣ್ ಡಾಕ್ಟ್ರೇ, ನನ್ ಕಾಲೂ ಕಾಯುತ್ತೆ."

"ಇನ್ನೊಂದು ವರ್ಷ, ಕಣ್ಮುಚ್ಚಿ ಕಣ್ ತೆಗೆಯೋದ್ರಲ್ಲಿ" ಎಂದಳು ಸೆಟೋ. "ನೂರು ಕಮ್ಮಿ ಇದ್ದಿದ್ರೆ ನಾನೇ ಬೇಡ ಅಂತಿದ್ದೆ."

ನಾಗಾಮಿ ಪಕ್ಕದ ಊರಿನ ಬೇರೊಂದು ಚಿಕಿತ್ಸಾಲಯಕ್ಕೆ ಅಳಿಯನಾಗಿ ಹೋಗುತ್ತಿದ್ದಾನೆಂದು ಸುದ್ದಿ ಬಂದಾಗ ಅಜ್ಜಿ ಕೈ ಝಾಡಿಸಿದಳು. "ಹೋಗ್ಲಿ ಬಿಡು. ಒಂದಂಕದಲ್ಲಿ ನಿಂತಿರೋ ಹುಡುಗೀನ ಯಾರು ಮದುವೆ ಮಾಡಿ ಕೂರಿಸ್ತಾರೆ? ತಪ್ಪು ಆ ಕೋಚಿಂಗ್ ಶಾಲೇದು. ಈ ಸಲ ಒಸಾಕಾಗೆ ಕಳ್ಸೋಣ. ಅಲ್ಲಿ ಬೆತ್ತ ಹಿಡ್ದು ಓಡಿಸ್ತಾರಂತೆ."

ಅಪ್ಪ ಬಾಯಿ ತೆರೆದರು. ಅಜ್ಜಿ, ಅಮ್ಮ ಇಬ್ಬರೂ ಅವರ ಕಡೆ ನೋಡಿದರು. ಅವರು ಸಾರಿನ ಬಟ್ಟಲನ್ನು ತುಟಿಗೆತ್ತಿಕೊಂಡರು. ಬಟ್ಟಲಿನ ಅಂಚಿನ ಮೇಲಿಂದ ಅವರ ಕಣ್ಣು ಮಗಳ ಕಣ್ಣಿಗೆ ಒಂದು ಕ್ಷಣ ಸಿಕ್ಕಿ, ತಪ್ಪಿಸಿಕೊಂಡಿತು.

ಮಾರ್ಚ್ ಕೊನೆಯಲ್ಲಿ ಒಸಾಕಾದ ಶಾಲೆಯ ಪ್ರವೇಶ ಅರ್ಜಿ ಬಂತು. ಅಲ್ಲಿ ಅಂಕ ನೋಡಿ ತರಗತಿ ವಿಂಗಡಿಸುತ್ತಾರೆ. ಆರುನೂರ ನಲವತ್ತು ದಾಟಿದವರಿಗೆ ಮೇಲಿನ ತರಗತಿ, ಅಲ್ಲಿ ಪಾಠ ಓಡುವ ವೇಗವೇ ಬೇರೆ. ಅಪ್ಪ ಬೆಚ್ಚನೆಯ ಮೇಜಿನ ಮುಂದೆ ಕೂತು ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ತಮ್ಮ ಎಂದಿನ ನಿಧಾನದಲ್ಲಿ ತುಂಬಿದರು. ಹಿಂದಿನ ಪರೀಕ್ಷೆಯ ಅಂಕ ಎಂಬ ಖಾನೆಯ ಹತ್ತಿರ ಪೆನ್ನು ನಿಂತಿತು. ಅಜ್ಜಿ ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ಏನ್ ಯೋಚನೆ? ಆರುನೂರ ನಲವತ್ತೊಂಬತ್ತು, ಬರಿ."

ಅಪ್ಪ ಬರೆದರು. ಮೂರೂ ಅಂಕಿ ಅಚ್ಚಿನಂತೆ ಬಂದವು. ಶಾಯಿ ಆರಲಿ ಎಂದು ಒಮ್ಮೆ ಊದಿ, ಹಾಳೆಯನ್ನು ಮಗಳ ಕಡೆ ತಿರುಗಿಸಿ, ಪಕ್ಕದಲ್ಲಿ ಅವಳ ಹೆಸರಿನ ಮುದ್ರೆಯನ್ನೂ ಕೆಂಪು ಶಾಯಿಯ ಡಬ್ಬಿಯನ್ನೂ ಇಟ್ಟರು.

"ಇಲ್ಲಿ ಒತ್ತು" ಎಂದರು, ತುಂಬ ಮೆಲ್ಲಗೆ.

ಚಿನಾಮಿ ಮುದ್ರೆಯನ್ನು ಶಾಯಿಗೆ ತಾಗಿಸಿದಳು. ಅಮ್ಮ ಪಕ್ಕದ ಕೋಣೆಯಲ್ಲಿ ಅವಳಿಗಾಗಿ ಹೊಸ ಕಾಲ್ಚೀಲಗಳನ್ನು ಜೋಡಿ ಮಾಡಿ ಎಣಿಸುತ್ತಿದ್ದಳು.